ಸುಂಕದ ತೂಬು ಯಾರ ಕೈಯಲ್ಲಿ?

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಹೆಸರಿನಲ್ಲಿ ತೂಬೂ ಇದೆ, ಕೆರೆಯೂ ಇದೆ. ತೂಬೆತ್ತುವವನು ನೀರಗಂಟಿ, ಆದರೆ ಎಷ್ಟು ಎತ್ತಬೇಕು, ಎಂದು ಮುಚ್ಚಬೇಕು ಎಂಬುದು ಅವನೊಬ್ಬನ ಇಚ್ಛೆಯಲ್ಲ, ಊರಿನ ಕಟ್ಟಳೆ. ಆಮದು ಸುಂಕವೂ ಇಂಥದೊಂದು ತೂಬೇ. ಅದನ್ನು ಎತ್ತಿಳಿಸುವ ಅಧಿಕಾರ ಸರ್ಕಾರಕ್ಕೆ ಎಲ್ಲಿಯವರೆಗೆ ಉಂಟು?

ಹಿಂದೆ ಮೈಸೂರು ಸೀಮೆಯಲ್ಲಿ 'ಸಾಯರ್' ಎಂಬ ಸುಂಕವಿತ್ತು. ಹೇರೆತ್ತು ಒಂದು ಸುಂಕದ ಕಟ್ಟೆ ದಾಟಿದರೆ ಮುಂದೆ ಇನ್ನೊಂದು. 1834ರಿಂದ 1861ರವರೆಗೆ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳು ರದ್ದಾದುವೆಂದು ಚರಿತ್ರಕಾರರು ಬರೆದಿದ್ದಾರೆ. ಪ್ರಜೆಗಳಿಗೆ ನೆಮ್ಮದಿಯೇನೋ ದೊರೆಯಿತು. ಆದರೆ ಅದು ಆಳುವವರ ಕೃಪೆ, ಪ್ರಜೆಯ ಹಕ್ಕಲ್ಲ.

ಹಕ್ಕಿನ ಮಾತು ಇಂಗ್ಲೆಂಡಿನಲ್ಲಿ ಮೊದಲೇ ಎದ್ದಿತ್ತು. ಪಾರ್ಲಿಮೆಂಟನ್ನು ಕೇಳದೆ ದೊರೆ ಒಣದ್ರಾಕ್ಷಿಯ ಮೇಲೆ ಹಾಕಿದ ಸುಂಕವನ್ನು ಜಾನ್ ಬೇಟ್ ಎಂಬ ವರ್ತಕ ಕೊಡಲೊಲ್ಲದಾದ. 1606ರಲ್ಲಿ ನ್ಯಾಯಾಲಯ ದೊರೆಯ ಪರವಾಗಿಯೇ ತೀರ್ಪಿತ್ತಿತು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದ ವಸೂಲಿ ಅಕ್ರಮವೆಂದು ಶಾಸನವಾಗಿ ನಿಲ್ಲಲು 1689 ಬರಬೇಕಾಯಿತು.

ನಮ್ಮ ಕಡೆ ಈ ಪ್ರಶ್ನೆ ರೇಷ್ಮೆಯ ಎಳೆ ಹಿಡಿದು ಬಂದಿತು. ಚೀಣಾ, ಜಪಾನುಗಳ ಅಗ್ಗದ ರೇಷ್ಮೆಯಿಂದ ಮೈಸೂರಿನ ಹುಳು ಸಾಕುವವರು ಕಂಗೆಟ್ಟಾಗ, 1934ರಲ್ಲಿ ರಕ್ಷಣಾ ಸುಂಕ ಜಾರಿಗೆ ಬಂತು. ಅದನ್ನು ವಿಧಿಸಿದ್ದು ದೆಹಲಿಯ ಶಾಸನಸಭೆ. ದೇಶೀಯ ಸಂಸ್ಥಾನವಾದ ಮೈಸೂರಿಗೆ ಅಲ್ಲಿ ಪ್ರತಿನಿಧಿಯೇ ಇರಲಿಲ್ಲ. ಅರ್ಜಿ ಹಾಕಬಹುದಿತ್ತು, ಮತ ಹಾಕುವಂತಿರಲಿಲ್ಲ.

1950ರಲ್ಲಿ ಸ್ಥಿತಿ ಬದಲಾಯಿತು. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು ಸಂವಿಧಾನದ 265ನೆಯ ವಿಧಿ ಸಾರಿತು. 1975ರ ಸುಂಕದರ ಕಾಯಿದೆ ತುರ್ತಿನಲ್ಲಿ ಆಮದು ಸುಂಕ ಏರಿಸಲು ಕೇಂದ್ರ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ಆದರೆ ಆ ಪ್ರಕಟಣೆಯನ್ನು ಸಂಸತ್ತಿನ ಮುಂದಿಟ್ಟು ಒಪ್ಪಿಗೆ ಕೋರಲೇಬೇಕು. ಸಂಸತ್ತು ಅದನ್ನು ತಿದ್ದಬಹುದು, ರದ್ದೂ ಮಾಡಬಹುದು. ಇಳಿಸುವ ದಾರಿ ಇಷ್ಟು ಬಿಗಿಯಲ್ಲ: 1962ರ ಕಸ್ಟಮ್ಸ್ ಕಾಯಿದೆಯಂತೆ ಸಾರ್ವಜನಿಕ ಹಿತಕ್ಕಾಗಿ ಪ್ರಕಟಣೆಯ ಮೂಲಕವೇ ವಿನಾಯಿತಿ ಕೊಡಬಹುದು.

ಇಳಿಕೆಯೆಂದರೆ ಎಲ್ಲರಿಗೂ ಲಾಭವೆಂದು ನೀವು ಭಾವಿಸಬೇಡಿ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿಯಿತು. 2013ರಲ್ಲಿ 15ಕ್ಕೆ ಏರಿತು. ದೊಡ್ಡಬಳ್ಳಾಪುರದ ಮಗ್ಗದವನಿಗೆ ನೂಲು ಅಗ್ಗವಾದರೆ ಸಂತೋಷ. ಹಿಪ್ಪುನೇರಳೆ ಬೆಳೆದು ಹುಳು ಸಾಕುವವನಿಗೆ ಅದೇ ದಿನ ಸಂಕಟ. ಇಬ್ಬರೂ ಒಂದೇ ಸೀಮೆಯವರು.

ಸುಂಕ ಹೆಚ್ಚಿರಲಿ, ಕಡಿಮೆಯಿರಲಿ, ಒಬ್ಬರ ಗದ್ದೆಗೆ ನೀರು ಹರಿದಾಗ ಇನ್ನೊಬ್ಬರದು ಒಣಗುವುದುಂಟು. ಆದುದರಿಂದಲೇ ತೂಬಿನ ಲೆಕ್ಕವನ್ನು ಇಬ್ಬರೂ ಕೇಳುವಂತಿರಬೇಕು. ಕಾನೂನಿನ ಮಿತಿ ಇರುವುದು ಅದಕ್ಕಾಗಿಯೇ.