ಸಿಡಿಯೊಳಗಿನ ಒಪ್ಪಂದ

1985ರ ನವೆಂಬರ್‌ನಲ್ಲಿ ಅಮೆರಿಕದ ಟಾಹೋ ಸರೋವರದ ಬಳಿಯ ಹೈ ಸಿಯೆರಾ ಎಂಬ ಹೋಟೆಲ್‌ನಲ್ಲಿ ಕಂಪ್ಯೂಟರ್ ಉದ್ಯಮದ ಕೆಲವು ತಂತ್ರಜ್ಞರು ಸೇರಿದರು. ಹೋಟೆಲ್‌ನಲ್ಲಿ ಜೂಜಿನ ಮೇಜುಗಳೂ ಇದ್ದವು. ಬಂದವರು ಆಪಲ್, ಮೈಕ್ರೋಸಾಫ್ಟ್, ಹಿಟಾಚಿ, ಸೋನಿ, ಫಿಲಿಪ್ಸ್‌ನಂಥ ಕಂಪನಿಗಳವರು, ಮಾರುಕಟ್ಟೆಯಲ್ಲಿ ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳು. ಆದರೆ ಅವರೆಲ್ಲರ ತಲೆನೋವು ಒಂದೇ ಆಗಿತ್ತು.

ಹಾಡಿನ ಸಿಡಿ 1982ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಅದೇ ತಟ್ಟೆಯಲ್ಲಿ ಕಂಪ್ಯೂಟರ್ ಮಾಹಿತಿ ತುಂಬುವ ಸಿಡಿ-ರಾಮ್‌ಗೆ ಸೋನಿ ಮತ್ತು ಫಿಲಿಪ್ಸ್ ಸೇರಿ 'ಯೆಲ್ಲೋ ಬುಕ್' ಎಂಬ ನಿಯಮಾವಳಿ ಬರೆದವು. 10-20 ಮೆಗಾಬೈಟ್‌ನ ಹಾರ್ಡ್ ಡಿಸ್ಕೇ ದೊಡ್ಡದೆನಿಸಿದ್ದ ಕಾಲದಲ್ಲಿ ಒಂದು ಸಿಡಿ ಸುಮಾರು 650 ಮೆಗಾಬೈಟ್ ಹಿಡಿಯುತ್ತಿತ್ತು. ಆದರೆ ಯೆಲ್ಲೋ ಬುಕ್ ಹೇಳಿದ್ದು 2048 ಬೈಟ್‌ಗಳ ತುಂಡುಗಳಲ್ಲಿ ಮಾಹಿತಿಯನ್ನು ಹೇಗೆ ಕೂಡಿಸಬೇಕು ಎಂಬುದನ್ನಷ್ಟೇ. ಯಾವ ಫೈಲ್ ಎಲ್ಲಿ ಶುರುವಾಗುತ್ತದೆ, ಅದರ ಹೆಸರೇನು ಎಂಬುದರ ಬಗ್ಗೆ ಅದು ಮೌನವಾಗಿತ್ತು. ಲಕ್ಷ ಪುಟಗಳ ಪುಸ್ತಕಕ್ಕೆ ಪರಿವಿಡಿಯೇ ಇಲ್ಲದಂತಾಯಿತು. ಪ್ರತಿ ಪ್ರಕಾಶಕರೂ ತಮ್ಮದೇ ಪರಿವಿಡಿ ಮಾಡಿಕೊಂಡರು. ಒಬ್ಬರ ಸಿಡಿ ಇನ್ನೊಬ್ಬರ ತಂತ್ರಾಂಶಕ್ಕೆ ಅರ್ಥವಾಗುತ್ತಿರಲಿಲ್ಲ. ಅಚ್ಚೊತ್ತಿದ ಸಿಡಿಯನ್ನು ತಿದ್ದುವಂತೆಯೂ ಇರಲಿಲ್ಲ.

ಹೈ ಸಿಯೆರಾ ಗುಂಪು ಆರಿಸಿದ್ದು ಅತ್ಯುತ್ತಮವಾದದ್ದನ್ನಲ್ಲ, ಎಲ್ಲರಿಗೂ ಒಪ್ಪಿಗೆಯಾಗುವ ಕನಿಷ್ಠವನ್ನು. ಡಾಸ್‌ನ ಮಿತಿಗೆ ತಕ್ಕಂತೆ, ಮೊದಲ ಹಂತದಲ್ಲಿ ಫೈಲ್ ಹೆಸರಿಗೆ ಎಂಟು ಅಕ್ಷರ, ಚುಕ್ಕಿಯ ನಂತರ ಮೂರು. ಅದೂ ದೊಡ್ಡ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ. ಫೋಲ್ಡರ್‌ನೊಳಗೆ ಫೋಲ್ಡರ್ ಎಂಟು ಹಂತದವರೆಗೆ. ಇಂಟೆಲ್ ಚಿಪ್‌ಗಳು ಸಂಖ್ಯೆಯ ಬೈಟ್‌ಗಳನ್ನು ಒಂದು ತುದಿಯಿಂದ ಓದಿದರೆ, ಆಗಿನ ಮ್ಯಾಕಿಂಟಾಷ್‌ನ ಮೊಟೊರೊಲಾ ಚಿಪ್ ಇನ್ನೊಂದು ತುದಿಯಿಂದ ಓದುತ್ತಿತ್ತು. ಜಗಳ ಬೇಡವೆಂದು ಮುಖ್ಯ ಸಂಖ್ಯೆಗಳನ್ನೆಲ್ಲ ಎರಡೂ ರೀತಿಯಲ್ಲಿ ಎರಡೆರಡು ಸಲ ಬರೆಯುವ ಏರ್ಪಾಡಾಯಿತು. ಈ ಪ್ರಸ್ತಾವ 1986ರಲ್ಲಿ ಪ್ರಕಟವಾಗಿ, ಸ್ವಲ್ಪ ತಿದ್ದುಪಡಿಯೊಂದಿಗೆ 1988ರಲ್ಲಿ ಐಎಸ್‌ಒ 9660 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಕನಿಷ್ಠಕ್ಕೆ ಒಪ್ಪಿದ ಬೆಲೆ ಬೇಗನೆ ಕಾಣಿಸಿತು. ಯುನಿಕ್ಸ್ ಬಳಕೆದಾರರಿಗೆ ಉದ್ದ ಹೆಸರುಗಳೂ ಫೈಲ್ ಅನುಮತಿಗಳೂ ಬೇಕಿದ್ದವು. ಅವರು ಕಟ್ಟಿಕೊಂಡ ವಿಸ್ತರಣೆಗೆ 'ಬ್ಲೇಜಿಂಗ್ ಸ್ಯಾಡಲ್ಸ್' ಎಂಬ ಹಾಸ್ಯಚಿತ್ರದ ಊರಿನ ಹೆಸರಿಟ್ಟರು: ರಾಕ್ ರಿಡ್ಜ್. ಮೈಕ್ರೋಸಾಫ್ಟ್ ವಿಂಡೋಸ್ 95ರ ಹೊತ್ತಿಗೆ ಜೋಲಿಯೆಟ್ ತಂದಿತು. ಅದರಲ್ಲಿ ಹಳೆಯ ಪರಿವಿಡಿಯ ಪಕ್ಕದಲ್ಲೇ 64 ಅಕ್ಷರದವರೆಗಿನ ಹೆಸರುಗಳ ಎರಡನೇ ಪರಿವಿಡಿ ಇರುತ್ತದೆ. ಎರಡೂ ಬೊಟ್ಟು ಮಾಡುವುದು ಅದೇ ಫೈಲ್‌ಗಳತ್ತ. ಹೆಸರುಗಳು ಯುನಿಕೋಡ್‌ನಲ್ಲಿ ಇರುವುದರಿಂದ ಕನ್ನಡದ ಹೆಸರಿಗೂ ಅಲ್ಲಿ ಜಾಗವಿತ್ತು. ಆದರೆ ನಮಗೆ ಒಂದೇ ಅಕ್ಷರವಾಗಿ ಕಾಣುವ 'ಕ್ರಿ' ಅಲ್ಲಿ ನಾಲ್ಕು ಸಂಕೇತ ನುಂಗುತ್ತದೆ. ಹಾಗಾಗಿ 64ರ ಮಿತಿ ಕನ್ನಡಕ್ಕೆ ಇನ್ನಷ್ಟು ಚಿಕ್ಕದು.

ಡಿವಿಡಿಗೆ ಯುಡಿಎಫ್ ಎಂಬ ಹೊಸ ವ್ಯವಸ್ಥೆ ಬಂತು. ದೊಡ್ಡ ಫೈಲ್‌ಗಳನ್ನು ಅದು ಸುಲಭವಾಗಿ ಹಿಡಿಯುತ್ತದೆ, ಪೆನ್‌ಡ್ರೈವ್‌ಗೆ ಹಾಕಿದಂತೆ ಫೈಲ್‌ಗಳನ್ನು ಒಂದೊಂದಾಗಿ ಸೇರಿಸಲೂ ಬಿಡುತ್ತದೆ. ಹಳೆಯ ಯಂತ್ರಗಳು ಕೈಬಿಟ್ಟುಹೋಗದಿರಲೆಂದು ಒಂದೇ ಡಿವಿಡಿಯಲ್ಲಿ ಐಎಸ್‌ಒ ಮತ್ತು ಯುಡಿಎಫ್ ಎರಡನ್ನೂ ಇಡುವ 'ಬ್ರಿಜ್' ಪದ್ಧತಿಯೂ ಬಂತು.

ಇಷ್ಟು ಹೊತ್ತಿಗೆ ಆಯ್ಕೆ ಎಂಬುದು ತಂತ್ರಜ್ಞರ ಕೈಯಿಂದ ಮನೆಯವರ ಕೈಗೆ ಬಂದಿತ್ತು. ಖಾಲಿ ಸಿಡಿ ಹಾಕಿದರೆ ವಿಂಡೋಸ್ 7 ಎರಡು ದಾರಿ ಕೇಳುತ್ತಿತ್ತು: ಪೆನ್‌ಡ್ರೈವ್‌ನಂತೆ ಬಳಸುವುದೋ, ಪ್ಲೇಯರ್‌ನಲ್ಲಿ ಓಡುವಂತೆ ಬರೆಯುವುದೋ? ಮೊದಲನೆಯದು ಅನುಕೂಲ, ಆದರೆ ಹಾಗೆ ಬರೆದ ಮದುವೆಯ ಫೋಟೊಗಳು ನೆಂಟರ ಮನೆಯ ಹಳೆಯ ಪ್ಲೇಯರ್‌ನಲ್ಲಿ ತೆರೆಯದೆ ಹೋಗಬಹುದಿತ್ತು. ಎರಡನೆಯದರಲ್ಲಿ ಎಲ್ಲವನ್ನೂ ಒಮ್ಮೆಗೇ ಜೋಡಿಸಿ ಬರೆಯಬೇಕು. ಬದಲಿಗೆ ಹೆಚ್ಚು ಯಂತ್ರಗಳು ಅದನ್ನು ಓದುತ್ತವೆ. ಬರೆಯುವವರ ಅನುಕೂಲವೋ, ಮುಂದೆ ಓದುವವರ ಅನುಕೂಲವೋ ಎಂಬುದೇ ಅಲ್ಲಿದ್ದ ಪ್ರಶ್ನೆ.

ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಆದರೂ ಲಿನಕ್ಸ್ ಇಳಿಸಿಕೊಳ್ಳುವವರು ಇಂದಿಗೂ ತೆಗೆದುಕೊಳ್ಳುವುದು 'ಐಎಸ್‌ಒ' ಎಂದು ಕೊನೆಗೊಳ್ಳುವ ಫೈಲನ್ನು. ಆ ಹೆಸರು ಬಂದಿದ್ದು 9660ರ ಮಾನಕದಿಂದಲೇ. ಹೊಳೆಯುವ ತಟ್ಟೆ ಕಪಾಟು ಸೇರಿದೆ. ಪ್ರತಿಸ್ಪರ್ಧಿಗಳು ಒಟ್ಟಿಗೆ ಕೂತು ಬರೆದ ಪರಿವಿಡಿ ಮಾತ್ರ ಇನ್ನೂ ಕೆಲಸ ಮಾಡುತ್ತಿದೆ.