ವೀಸದಿಂದ ಪೈಸೆಗೆ: ಉಳಿದ ಭಾಗ ಯಾರದು?

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದವರು ಕೇಶವ ದೇವಾಲಯದ ಶಿಲ್ಪವನ್ನು ಕಂಡು ಬೆರಗಾಗುತ್ತಾರೆ. ಹೊಯ್ಸಳ ಮುಮ್ಮಡಿ ನರಸಿಂಹನ ದಂಡನಾಯಕನಾದ ಸೋಮನಾಥನು 1258ರಲ್ಲಿ ಕಟ್ಟಿಸಿದ ಈ ದೇವಾಲಯವು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಪ್ರವೇಶದ ಬಳಿ ನಿಂತಿರುವ ದತ್ತಿಯ ಶಾಸನವನ್ನು ನಿಂತು ನೋಡುವವರು ವಿರಳ. ಶಿಲ್ಪವು ಭಕ್ತಿಯ ಸಾಕ್ಷಿಯಾದರೆ, ಶಾಸನವು ವ್ಯವಹಾರದ ಸಾಕ್ಷಿ.

ಆ ಕಾಲದ ಕನ್ನಡನಾಡಿನಲ್ಲಿ ದತ್ತಿ, ತೆರಿಗೆ, ಬಡ್ಡಿಗಳನ್ನು ಗದ್ಯಾಣ, ಹಣ, ಹಾಗ, ವೀಸಗಳಲ್ಲಿ ಎಣಿಸುತ್ತಿದ್ದರು. ಇದರಲ್ಲಿ ಮತಭೇದವಿರಲಿಲ್ಲ, ಶ್ರವಣಬೆಳಗೊಳದ ದಾನಶಾಸನಗಳಲ್ಲಿಯೂ ಗದ್ಯಾಣ, ಹಾಗಗಳ ಲೆಕ್ಕವೇ ಕಾಣುತ್ತದೆ. ರೂಢಿಯಂತೆ ಗದ್ಯಾಣಕ್ಕೆ 10 ಹಣ, ಹಣಕ್ಕೆ 4 ಹಾಗ, ಹಾಗಕ್ಕೆ 4 ವೀಸ. ಅಂದರೆ ಮೇಲಿನ ಮೆಟ್ಟಿಲು ಹತ್ತರದು, ಕೆಳಗಿನವು ನಾಲ್ಕರವು. ಒಂದೇ ಲೆಕ್ಕದಲ್ಲಿ ದಶಮಾಂಶವೂ ಭಿನ್ನರಾಶಿಯೂ ಜೊತೆಯಾಗಿ ಬಾಳಿದ್ದವು.

ಭಿನ್ನರಾಶಿಯ ಶಾಸ್ತ್ರವನ್ನು ನಮ್ಮ ನಾಡಿನಲ್ಲಿ ವಿಸ್ತಾರವಾಗಿ ಬೆಳೆಸಿದವರಲ್ಲಿ ಜೈನ ಗಣಿತಜ್ಞರು ಅಗ್ರಗಣ್ಯರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಅದರಲ್ಲಿ ಭಿನ್ನರಾಶಿಯ ಪ್ರಕರಣದ ಹೆಸರು 'ಕಲಾಸವರ್ಣ'. ಕಲೆಯೆಂದರೆ ಹದಿನಾರನೆಯ ಭಾಗ. ಸವರ್ಣವೆಂದರೆ ಬೇರೆ ಬೇರೆ ಛೇದಗಳುಳ್ಳ ಭಾಗಗಳನ್ನು ಒಂದೇ ಬಣ್ಣಕ್ಕೆ ತರುವುದು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ದ ಮೂಲಕ ಗಣಿತವಿದ್ಯೆಯನ್ನು ಕನ್ನಡಕ್ಕೆ ತಂದನು.

ಮಹಾವೀರಾಚಾರ್ಯರು ಒಂದರಿಂದ ಮಹಾಕ್ಷೋಭದವರೆಗೆ 24 ದಶಕಸ್ಥಾನಗಳನ್ನು ಹೆಸರಿಸಿದ್ದಾರೆ. ಆದರೆ ಒಂದಕ್ಕಿಂತ ಕಿರಿದಾದುದನ್ನು ಹತ್ತರ ಸ್ಥಾನಗಳಲ್ಲಿ ಬರೆಯುವ ಪದ್ಧತಿ ಆಗ ಇಲ್ಲಿ ಇರಲಿಲ್ಲ. ಹತ್ತನೆಯ ಶತಮಾನದಲ್ಲಿ ಅರಬ್ ಗಣಿತಜ್ಞ ಅಲ್-ಉಕ್ಲಿದಿಸಿಯು ಅದನ್ನು ಬಳಸಿದನು. ಯುರೋಪಿನಲ್ಲಿ 1585ರಲ್ಲಿ ಸೈಮನ್ ಸ್ಟೆವಿನನು ಅದನ್ನು ಪ್ರಚಾರಕ್ಕೆ ತಂದನು.

ಪರಿವರ್ತನೆಯ ಕ್ರಮ ಸರಳವಾದುದು. ಅಂಶವನ್ನು ಛೇದದಿಂದ ಭಾಗಿಸಿದರೆ ದಶಮಾಂಶ ದೊರೆಯುತ್ತದೆ. ಮೂರು ಹಾಗ ಒಂದು ವೀಸವೆಂದರೆ 13 ವೀಸ, ಅರ್ಥಾತ್ 13/16 ಹಣ. ಭಾಗಿಸಿದರೆ 0.8125. ಹಿಂದಕ್ಕೆ ಬರಬೇಕಾದರೆ 8125/10000 ಎಂದು ಬರೆದು ಎರಡನ್ನೂ 625ರಿಂದ ಭಾಗಿಸಿದರೆ ಮತ್ತೆ 13/16. ಇಲ್ಲಿ ಏನೂ ನಷ್ಟವಾಗಲಿಲ್ಲ. ಏಕೆಂದರೆ 16ರ ಅಪವರ್ತನವಾದ 2 ಎಂಬುದು 10ರಲ್ಲಿಯೂ ಅಡಗಿದೆ. ಮೂರರ ಗತಿ ಹಾಗಲ್ಲ. 1/3 ಎಂಬುದು 0.333... ಎಂದು ಮುಗಿಯದೆ ಸಾಗುತ್ತದೆ.

ಮಹಾವೀರಾಚಾರ್ಯರ ಒಂದು ಸೂತ್ರದಂತೆ ಒಂದನ್ನು 1/2, 1/3, 1/9, 1/18 ಎಂದು ನಾಲ್ಕು ಪಾಲು ಮಾಡಬಹುದು. ಕೂಡಿಸಿದರೆ ಕೊರತೆಯಿಲ್ಲದೆ ಒಂದೇ ಬರುತ್ತದೆ. ಅದನ್ನೇ ಒಂದು ರೂಪಾಯಿಯೆಂದು ತಿಳಿದು, ಪೈಸೆಯವರೆಗೆ ಮಾತ್ರ ಎಣಿಸಿ ಉಳಿದುದನ್ನು ಕೈಬಿಟ್ಟರೆ 50, 33, 11, 5. ಒಟ್ಟು 99 ಪೈಸೆ. ಆ ಒಂದು ಪೈಸೆ ಯಾರದು?

ಈ ಪ್ರಶ್ನೆಯು ದೇಶದ ಪ್ರತಿಯೊಂದು ಅಂಗಡಿಯ ಮುಂದೆ ಬಂದು ನಿಂತದ್ದು 1957ರ ಏಪ್ರಿಲ್ 1ರಂದು. ಅಂದಿನಿಂದ 16 ಆಣೆಯ ರೂಪಾಯಿ 100 ನಯಾಪೈಸೆಯ ರೂಪಾಯಿಯಾಯಿತು. ಒಂದು ಆಣೆಗೆ ಸರಿಯಾಗಿ ಆರೂಕಾಲು ನಯಾಪೈಸೆ. ಆದರೆ ಕಾಲು ನಯಾಪೈಸೆಯ ನಾಣ್ಯವಿರಲಿಲ್ಲ. ಅರ್ಧ ಅಥವಾ ಅದಕ್ಕಿಂತ ಕಡಿಮೆಯಾದುದನ್ನು ಬಿಡಬೇಕು, ಅರ್ಧವನ್ನು ಮೀರಿದುದನ್ನು ಒಂದೆಂದು ಎಣಿಸಬೇಕು ಎಂಬುದು ನಿಯಮ. ಹೀಗೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಕೋಷ್ಟಕವಾಯಿತು. ಎರಡಾಣೆಯಲ್ಲಿ ಮಾರುವವನಿಗೆ ಅರ್ಧ ನಯಾಪೈಸೆ ನಷ್ಟ. ಮೂರಾಣೆಯಲ್ಲಿ ಕೊಳ್ಳುವವನಿಗೆ ಕಾಲು ನಯಾಪೈಸೆ ನಷ್ಟ.

ಒಂದಾಣೆಯ ಪದಾರ್ಥವನ್ನು ಹದಿನಾರು ಸಲ ಬಿಡಿಬಿಡಿಯಾಗಿ 6 ನಯಾಪೈಸೆಯಂತೆ ಮಾರಿದವನಿಗೆ ದೊರೆಯುವುದು 96. ಆ ಕೊರತೆಗೆ ಅಂಜಿ ಬೆಲೆಯನ್ನು 7ಕ್ಕೆ ಏರಿಸಿದರೆ ಬರುವುದು 112. ನಾಲ್ಕರ ನಷ್ಟವನ್ನು ತಪ್ಪಿಸಲು ಹೊರಟು ಹನ್ನೆರಡರ ಲಾಭವನ್ನು ಮಾಡಿಕೊಂಡಂತಾಯಿತು. ಬಡವರು ಕೊಳ್ಳುವುದು ಬಿಡಿಬಿಡಿಯಾಗಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು, ಅಂದರೆ 'ಹೀನಾಧಿಕಮಾನೋನ್ಮಾನ'ವನ್ನು, ನಮ್ಮ ಆಚಾರ್ಯರು ಅಚೌರ್ಯ ವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ತಕ್ಕಡಿಯನ್ನು ಮುಟ್ಟದೆ, ಕೇವಲ ಅಂಕಿಯನ್ನು ಮಾರ್ಪಡಿಸಿಯೂ ಆ ದೋಷಕ್ಕೆ ಗುರಿಯಾಗಬಹುದು.

ಪರಿಹಾರವೂ ಗಣಿತದಲ್ಲಿಯೇ ಇದೆ. ಮೊದಲು ಭಿನ್ನಗಳನ್ನು ಸವರ್ಣ ಮಾಡಿ ಕೂಡಿಸಬೇಕು. ಪರಿವರ್ತನೆಯನ್ನು ಕೊನೆಯಲ್ಲಿ, ಒಂದೇ ಸಲ ಮಾಡಬೇಕು. ಹದಿನಾರು ಆಣೆಗಳನ್ನು ಕೂಡಿಸಿ ಬದಲಿಸಿದರೆ ಸರಿಯಾಗಿ ನೂರು, ಯಾರಿಗೂ ನಷ್ಟವಿಲ್ಲ. ಆಗಲೂ ಏನಾದರೂ ಉಳಿದರೆ ಅದು ಯಾರಿಗೆ ಸೇರಿತೆಂಬುದನ್ನು ಬಾಯಿಬಿಟ್ಟು ಹೇಳಬೇಕು.

1964ರಲ್ಲಿ 'ನಯಾ' ಎಂಬ ಮಾತು ಬಿದ್ದುಹೋಯಿತು. 2011ರಲ್ಲಿ 25 ಪೈಸೆ ಹಾಗೂ ಅದಕ್ಕಿಂತ ಕಿರಿಯ ನಾಣ್ಯಗಳ ಚಲಾವಣೆಯೂ ನಿಂತಿತು. ಬಡ್ಡಿ, ಬಾಡಿಗೆ, ಆಸ್ತಿಯ ಪಾಲುಗಳ ಲೆಕ್ಕವನ್ನು ಇಂದು ಯಂತ್ರವೇ ಮಾಡಿಕೊಡುತ್ತದೆ. ಆದರೂ ನಮ್ಮ ಮಾತಿನಲ್ಲಿ ಪೂರ್ಣ ಸತ್ಯವು ಇನ್ನೂ ಹದಿನಾರಾಣೆ ಸತ್ಯವಾಗಿಯೇ ಉಳಿದಿದೆ. ನಾಣ್ಯ ಯಾವುದಾದರೂ ಆಗಲಿ, ವೀಸದಷ್ಟು ಉಳಿದುದನ್ನೂ ಲೆಕ್ಕದಿಂದ ಮರೆಮಾಚದವನೇ ಆ ಮಾತಿಗೆ ಅರ್ಹನು.