ಪಿಷ್ಟ ತಯಾರಿಕಾ ಘಟಕಗಳ ತ್ಯಾಜ್ಯನೀರು ಮತ್ತು ಉಪ ಉತ್ಪನ್ನಗಳು: ಅರ್ಜಿದಾರರ ಅವಗಾಹನೆಗಾಗಿ

ಎಲ್ಲೂರು ಹಾಗೂ ಸುತ್ತಲಿನ ಕರಾವಳಿ ಗ್ರಾಮಗಳಲ್ಲಿ ಕೂವೆಹಿಟ್ಟು ಮುಂತಾದ ಆಹಾರ ಪಿಷ್ಟ ತಯಾರಿಸುವ ಘಟಕಕ್ಕೆ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರ 25ನೇ ಪ್ರಕರಣದನ್ವಯ ಸಮ್ಮತಿ ಕೋರುವವರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ಕೂವೆಗೆಡ್ಡೆಯನ್ನು ತೊಳೆದು, ಅರೆದು, ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಬಸಿದು ಮತ್ತೆ ಮತ್ತೆ ಹೊಸ ನೀರು ಹಾಕುವುದು ರೂಢಿ. ಬಸಿದ ನೀರಿನಲ್ಲಿ ಸಕ್ಕರೆ, ಸಸಾರಜನಕ ಹಾಗೂ ತಳ ಸೇರದ ನುಣ್ಣನೆಯ ಪಿಷ್ಟವಿರುತ್ತದೆ. ಅದು ಬೇಗನೆ ಹುಳಿತು ನಾರುತ್ತದೆ. ಅರ್ಥಾತ್, ಮಾಲಿನ್ಯವೆಂದು ಅಳೆಯಲಾಗುವ ವಸ್ತುವಿನಲ್ಲಿ ಒಂದು ಪಾಲು ಉತ್ಪಾದಕರೇ ಕಳೆದುಕೊಂಡ ಹಿಟ್ಟು.

ಈ ನೀರಿಗೆ ಇಂಗುಗುಂಡಿ ಪರಿಹಾರವಲ್ಲ. ಮಳೆನೀರಿಗೆ ಅದು ಉತ್ತಮವೇ ಸರಿ. ಆದರೆ ಮುರಕಲ್ಲಿನ ರಂಧ್ರಗಳ ಮೂಲಕ ಹುಳಿತ ನೀರು ನೆರೆಮನೆಯ ಬಾವಿಯನ್ನು ಸೇರುವ ಸಂಭವವಿದೆ.

ಕೊನೆಯ ತೊಳೆತದ ನೀರು ಬಹುಮಟ್ಟಿಗೆ ಶುದ್ಧವಾಗಿರುವುದರಿಂದ ಅದನ್ನು ಅದೇ ದಿನ ಮುಂದಿನ ಕಂತಿನ ಗೆಡ್ಡೆಯ ಮಣ್ಣು ತೊಳೆಯಲು ಬಳಸಬಹುದು. ಇದೊಂದರಿಂದಲೇ ಹೊಸ ನೀರಿನ ಅಗತ್ಯ ಗಣನೀಯವಾಗಿ ತಗ್ಗುತ್ತದೆ. ಬಸಿದ ನೀರನ್ನು ಇನ್ನೊಂದು ತೊಟ್ಟಿಯಲ್ಲಿ ನಿಲ್ಲಿಸಿದರೆ ಉಳಿದ ಪಿಷ್ಟದ ಒಂದಂಶ ದೊರೆಯುತ್ತದೆ. ಸೋಸಿದ ನಾರು ಹಸಿಯಿರುವಾಗಲೇ ದನಗಳಿಗೆ ಆಹಾರ, ಇಲ್ಲವೇ ಗೊಬ್ಬರ. ಗೋಬರ್ ಅನಿಲ ಸ್ಥಾವರವುಳ್ಳವರು ತ್ಯಾಜ್ಯನೀರನ್ನು ಸಗಣಿಯೊಡನೆ ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ಒಮ್ಮೆಲೇ ಸುರಿದರೆ ಸ್ಥಾವರ ಹುಳಿಯೇರಿ ಅನಿಲ ನಿಲ್ಲುತ್ತದೆ.

ಗೋಕಾಕ, ಹುಬ್ಬಳ್ಳಿಯಂತಹ ಕಡೆಗಳ ಮೆಕ್ಕೆಜೋಳದ ಪಿಷ್ಟೋದ್ಯಮದ ಪ್ರಮಾಣವೇ ಬೇರೆ. ಮೆಕ್ಕೆಜೋಳದ ಸಂಸ್ಕರಣೆಯಲ್ಲಿ ನೆನೆಸಿದ ನೀರನ್ನು ಆವಿಯಾಗಿಸಿ ಗಟ್ಟಿಗೊಳಿಸಿ ಪಶು ಆಹಾರಕ್ಕೂ ಔಷಧ ಕಾರ್ಖಾನೆಗಳ ಹುದುಗುವಿಕೆಗೂ ಒದಗಿಸಲಾಗುತ್ತದೆ. ಮೊಳಕೆಯಂಶದಿಂದ ಎಣ್ಣೆ, ಗ್ಲುಟೆನ್‌ನಿಂದ ಕೋಳಿ ಆಹಾರ ದೊರೆಯುತ್ತವೆ. ಪರಿಸರ (ಸಂರಕ್ಷಣೆ) ನಿಯಮಗಳು, 1986 ಈ ಉದ್ಯಮಕ್ಕೆ ಟನ್ನು ಮೆಕ್ಕೆಜೋಳಕ್ಕೆ 8 ಘನ ಮೀಟರ್ ತ್ಯಾಜ್ಯನೀರಿನ ಮಿತಿಯನ್ನು ವಿಧಿಸಿವೆ. ಸಣ್ಣ ಘಟಕಕ್ಕೂ ತತ್ವ ಅದೇ.

ಸಂಸ್ಕರಿಸಿದ ನೀರನ್ನು ತೋಟಕ್ಕೆ ಹರಿಸುವುದಾದರೆ, ಸಾಮಾನ್ಯ ಮಾನದಂಡದಂತೆ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 100 ಮಿಲಿಗ್ರಾಂ ಹಾಗೂ ತೇಲುವ ಘನವಸ್ತು 200 ಮಿಲಿಗ್ರಾಂ ಮೀರಬಾರದು. ತೋಡು, ಹೊಳೆಗೆ ಬಿಡುವುದಾದರೆ ಕ್ರಮವಾಗಿ 30 ಮತ್ತು 100. ಕೂವೆ ಕೀಳುವ ಕಾಲ ಮಳೆಗಾಲದ ನಂತರ ಬರುವುದರಿಂದ ತೆಂಗು, ಅಡಿಕೆಗೆ ನೀರು ಬೇಕಾದ ಸಮಯವೇ ಒದಗುತ್ತದೆ.

ಅರ್ಜಿಯೊಂದಿಗೆ ದಿನವಹಿ ನೀರಿನ ಬಳಕೆ, ಮರುಬಳಕೆ ಹಾಗೂ ವಿಲೇವಾರಿಯ ಲೆಕ್ಕವನ್ನೂ ಸುತ್ತಲಿನ ಬಾವಿಗಳನ್ನು ಗುರುತಿಸಿದ ನಕ್ಷೆಯನ್ನೂ ಲಗತ್ತಿಸುವುದು ಒಳಿತು. ಹೆಚ್ಚಿನ ವಿವರಗಳಿಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಉಡುಪಿ ಪ್ರಾದೇಶಿಕ ಕಚೇರಿಯನ್ನು ಸಂಪರ್ಕಿಸಬಹುದು.